ಕೆಂಪು ಪಟ್ಟಿಯ ಪ್ಯಾಂಟು ಮತ್ತು ಎರಡು ಹರಿವಾಣ

ನಿನ್ನೆ ನಮ್ಮ ಅಂಗಳದ ಹಗ್ಗದ ಮೇಲೆ ಒಂದು ಪ್ಯಾಂಟು ಒಣಗುತ್ತಿತ್ತು. ಮೊಮ್ಮಗ ಆಟಕ್ಕೆ ಹೋಗುವಾಗ ಹಾಕಿಕೊಳ್ಳುವಂಥದ್ದು. ಬೂದು ಬಣ್ಣ, ಸೊಂಟದಿಂದ ಹಿಮ್ಮಡಿಯವರೆಗೆ ಹೊರಬದಿಯಲ್ಲಿ ಎರಡು ಅಗಲವಾದ ಕೆಂಪು ಪಟ್ಟಿ, ಅವುಗಳ ನಡುವೆ ಒಂದು ಸಪೂರದ ಕೆಂಪು ಗೆರೆ. ಅದನ್ನು ಹೊಲಿದವರಿಗೆ ತಾವೇನು ಹೊಲಿದೆವೆಂದು ಗೊತ್ತಿರಲಿಕ್ಕಿಲ್ಲ. ಕೊಂಡು ತಂದವನಿಗಂತೂ ಖಂಡಿತ ಗೊತ್ತಿಲ್ಲ. ನನಗೆ ಗೊತ್ತು. ಅದು ಜರ್ಮನಿಯ ಹಳೆಯ ಸೈನ್ಯದ ಜನರಲನ ಪ್ಯಾಂಟು. ಮೇಜರ್ ಜನರಲನೋ ಫೀಲ್ಡ್ ಮಾರ್ಷಲನೋ ಎಂದು ಪ್ಯಾಂಟು ನೋಡಿ ಹೇಳಲಾಗದು. ಅದಕ್ಕೆ ಭುಜ ನೋಡಬೇಕು. ಕೆಂಪು ಸ್ವಲ್ಪ ಬೀಟ್‌ರೂಟಿನ ಕಡೆಗೆ ವಾಲಿದ್ದರೆ ಮಾತ್ರ ಅವನು ಜನರಲನೇ ಅಲ್ಲ, ಜನರಲರ ಪಕ್ಕದಲ್ಲಿ ನಕ್ಷೆ ಬಿಡಿಸಿಕೊಂಡು ಕೂರುವ ಅಧಿಕಾರಿ. ನಾನು ಹತ್ತಿರ ಹೋಗಿ ಬಿಸಿಲಿಗೆ ಹಿಡಿದು ನೋಡಿದೆ. ಅಸಲು ಕೆಂಪೇ.

ಪುತ್ತೂರು ತಾಲೂಕಿನ ಒಬ್ಬ ಚರಿತ್ರೆ ಮಾಷ್ಟ್ರಿಗೂ ಜರ್ಮನ್ ಜನರಲರ ಪ್ಯಾಂಟಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು, ಅದೂ ಹೆಣ್ಣು ಕೊಟ್ಟು ತಂದ ಸಂಬಂಧ. ಆ ವಿಷಯದಲ್ಲಿ ನನ್ನಷ್ಟು ಅಧಿಕಾರದಿಂದ ಮಾತಾಡಬಲ್ಲವರು ಕಬಕದಿಂದ ಸುಳ್ಯದವರೆಗೆ ಯಾರೂ ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇದ್ದದ್ದು ಒಬ್ಬರು. ಅವರು ನನ್ನ ಮಾವನವರು. ಅವರು ಈಗ ಇಲ್ಲವಾದ್ದರಿಂದ ಪಟ್ಟ ನನ್ನದೇ.

ಸಮವಸ್ತ್ರದ ಹುಚ್ಚು ನನಗೆ ಸಣ್ಣಂದಿನದ್ದು. ಬೆಟ್ಟಂಪಾಡಿಯಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಕಣ್ಣಿಗೆ ಬೀಳುತ್ತಿದ್ದ ಸಮವಸ್ತ್ರಗಳು ಮೂರೇ ಮೂರು ಬಗೆ: ಅಂಚೆಯವನದು, ಅರಣ್ಯದ ಗಾರ್ಡಿನದು, ಎಂದಾದರೊಮ್ಮೆ ಬರುವ ಪೊಲೀಸನದು. ನಾನು ಇವರ ದೊಡ್ಡಸ್ತಿಕೆಯನ್ನು ಗುಂಡಿಗಳಿಂದ ಅಳೆಯುತ್ತಿದ್ದೆ. ಯಾರ ಅಂಗಿಯಲ್ಲಿ ಹೊಳೆಯುವ ಗುಂಡಿ ಹೆಚ್ಚೋ ಅವನು ದೊಡ್ಡವನು. ಈ ಲೆಕ್ಕದಲ್ಲಿ ಪೊಲೀಸನೇ ಮೊದಲಿಗನಾಗಿದ್ದ. ಒಮ್ಮೆ ನೆಂಟರ ಮದುವೆಗೆ ಪುತ್ತೂರಿನಿಂದ ಬ್ಯಾಂಡಿನವರು ಬಂದರು. ದೊಡ್ಡ ಡೋಲು ಬಾರಿಸುವವನ ಭುಜದ ಮೇಲೆ ಚಿನ್ನದ ಗೊಂಡೆ, ಎದೆಯ ಮೇಲೆ ಎರಡು ಸಾಲು ಗುಂಡಿ, ಪ್ಯಾಂಟಿನ ಬದಿಯಲ್ಲಿ ಕೆಂಪು ಪಟ್ಟಿ. ಇವನು ಯಾವುದೋ ದೇಶದ ರಾಜನೇ ಸರಿ ಎಂದುಕೊಂಡು ನನ್ನ ಎಲೆಯ ಹೋಳಿಗೆಯನ್ನು ಎತ್ತಿಕೊಂಡು ಹೋಗಿ ಅವನಿಗೆ ಕಾಣಿಕೆ ಕೊಟ್ಟೆ. ಅವನು ಅದನ್ನು ಎರಡೇ ತುತ್ತಿಗೆ ತಿಂದ. ರಾಜರು ಇಷ್ಟು ಬೇಗ ತಿನ್ನುತ್ತಾರೆಯೇ ಎಂಬ ಅನುಮಾನ ನನಗೆ ಆಗಲೇ ಬಂದಿತ್ತು.

ಐವತ್ತರ ದಶಕದ ಕೊನೆಗೆ ನಾನು ಕಬಕದ ಹತ್ತಿರದ ಒಂದು ಶಾಲೆಯಲ್ಲಿ ಚರಿತ್ರೆ ಮಾಷ್ಟ್ರಾದೆ. ಚರಿತ್ರೆಯೆಂದರೆ ನನ್ನ ಮನೆಯ ಹಿತ್ತಿಲೆಂಬ ಧೋರಣೆ ಆಗ ನನ್ನದು. ನನ್ನ ತಾಯಿಯ ತಮ್ಮ ಬಾಳಪ್ಪ ಮಾವ ಅದೇ ಹೊತ್ತಿಗೆ ನನಗೊಂದು ಹೆಣ್ಣು ನೋಡಿದರು. ಅರಂತೋಡಿನ ಕಡೆಯ ಮನೆ. ಜಾತಿ ಒಂದೇ, ಗೌಡರೇ. ಆದರೆ ನಾವು ಪುತ್ತೂರಿನ ಕಡೆಯವರು ಮನೆಯಲ್ಲಿ ತುಳು ಮಾತಾಡುವವರು, ಅವರು ಸುಳ್ಯದ ಕಡೆಯ ಅರೆಭಾಷೆಯವರು. ಹುಡುಗಿಯ ತಂದೆ ಕುಶಾಲಪ್ಪ ಗೌಡರು ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು.

"ಹೆಣ್ಣು ನೋಡ್ಲಿಕ್ಕೆ ಹೋಗುದಂತ ಹೇಳ್ತಾರಷ್ಟೆ," ಎಂದು ಬಾಳಪ್ಪ ಮಾವ ಬಸ್ಸಿನಲ್ಲೇ ಎಚ್ಚರಿಸಿದರು. "ನೋಡುದು ಅವರೇ. ಎರಡು ಗಂಡುಗಳನ್ನು ಈಗಾಗ್ಲೇ ವಾಪಸು ಕಳ್ಸಿದ್ದಾರೆ. ಜರ್ಮನಿಯ ಪ್ರಶ್ನೆ ಕೇಳ್ತಾರಂತೆ."

"ಕೇಳ್ಲಿ ಮಾವ. ಯುರೋಪಿನ ಚರಿತ್ರೆ ನನಗೆ ನೀರು ಕುಡಿದ ಹಾಗೆ," ಎಂದೆ ನಾನು.

ಸುಬೇದಾರರು ಬಸ್ಸು ನಿಲ್ಲುವ ಅಂಗಡಿಯ ಎದುರೇ ಕಾದಿದ್ದರು. ಗರಿಗರಿಯಾಗಿ ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಬಿಳಿ ಅಂಗಿ, ಕತ್ತರಿಸಿದ ಮೀಸೆ. ಮನೆ ಮುಟ್ಟುವವರೆಗೆ ಅವರು ಕೇಳಿದ್ದು ನನ್ನ ಸಂಬಳವನ್ನೂ ಅಲ್ಲ, ಆಸ್ತಿಯನ್ನೂ ಅಲ್ಲ. ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ-ನೀರು ಕೊಟ್ಟು, ಎಲೆಯಡಿಕೆಯ ತಟ್ಟೆ ನಡುವೆ ಇಟ್ಟರು. ಆಮೇಲೆ ಶುರು ಮಾಡಿದರು.

"ಮಾಷ್ಟ್ರೇ, ಮೇಜರ್ ದೊಡ್ಡವನಾ, ಲೆಫ್ಟಿನೆಂಟ್ ದೊಡ್ಡವನಾ?"

"ಮೇಜರ್," ಎಂದೆ.

"ಸರಿ. ಹಾಗಾದ್ರೆ ಮೇಜರ್ ಜನರಲ್ ದೊಡ್ಡವನಾ, ಲೆಫ್ಟಿನೆಂಟ್ ಜನರಲ್ ದೊಡ್ಡವನಾ?"

ಇಷ್ಟು ಸುಲಭದ ಪ್ರಶ್ನೆಗೆ ಎರಡು ಗಂಡುಗಳು ಬಿದ್ದರೇ ಎಂದು ನನಗೆ ಕನಿಕರವಾಯಿತು. "ಮೇಜರ್ ಜನರಲ್. ಅದರಲ್ಲಿ ಸಂಶಯವೇ ಇಲ್ಲ," ಎಂದೆ.

ಬಾಗಿಲಿನ ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಸುಬೇದಾರರು ನಗಲಿಲ್ಲ. ತಟ್ಟೆಯಿಂದ ಸುಣ್ಣದ ಡಬ್ಬಿ, ಒಂದು ಇಡೀ ಅಡಿಕೆ, ಅಡಿಕೆ ಕತ್ತರಿ ಮೂರನ್ನೂ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟರು.

"ನಮ್ಮಲ್ಲಿ ಮದುವೆ ಆಗುದು ನೋಡಿದ್ದೀರಿ ಅಲ್ವಾ? ಊರುಗೌಡ ಬರ್ತಾರೆ," ಎಂದು ಡಬ್ಬಿಯನ್ನು ಮುಟ್ಟಿದರು. "ಅವರ ಪಕ್ಕದಲ್ಲಿ, ಅವರ ಪರವಾಗಿ ನಿಲ್ಲುವ ಒತ್ತುಗೌಡ," ಎಂದು ಅಡಿಕೆಯನ್ನು ಮುಟ್ಟಿದರು. "ಅಂಗಳದಲ್ಲಿ ಬೊಬ್ಬೆ ಹಾಕಿಕೊಂಡು ಚಪ್ಪರ ಕಟ್ಟಿಸುವವ, ಎಲೆ ಹಾಕಿಸುವವ, ಅಡುಗೆಯವರಿಗೆ ಗದರಿಸುವವ ಒಬ್ಬ ಮೇಸ್ತ್ರಿ," ಎಂದು ಕತ್ತರಿಯನ್ನು ಮುಟ್ಟಿದರು. "ಒತ್ತುಗೌಡ ದೊಡ್ಡವನಾ, ಮೇಸ್ತ್ರಿ ದೊಡ್ಡವನಾ?"

"ಒತ್ತುಗೌಡರು," ಎಂದೆ ತಗ್ಗಿದ ದನಿಯಲ್ಲಿ.

"ಅಷ್ಟೇ ವಿಷಯ ಮಾರಾಯ್ರೆ. ಹಿಂದೆ ಇಡೀ ಸೈನ್ಯಕ್ಕೆ ಒಬ್ಬ ಜನರಲ್. ಅವನ ಪರವಾಗಿ ನಿಲ್ಲುವವ ಲೆಫ್ಟಿನೆಂಟ್ ಜನರಲ್. ಆಳುಗಳನ್ನು ಸಾಲು ನಿಲ್ಲಿಸುವವ, ಡೇರೆ ಹಾಕಿಸುವವ ಮೂರನೆಯವ. ಅವನೇ ಮೇಜರ್ ಜನರಲ್. ಜರ್ಮನಿಯಲ್ಲಿ ಅವನಿಗೆ ಮೊದಲು ಕಾವಲು ಮೇಸ್ತ್ರಿ ಅಂತಲೇ ಹೆಸರಿತ್ತಂತೆ. ಹೆಸರು ಬದಲಾಯ್ತು, ಜಾಗ ಬದಲಾಗಲಿಲ್ಲ."

ಬಾಗಿಲಿನ ಹಿಂದಿನಿಂದ ದನಿ ಬಂತು: "ಅಪ್ಪ, ಅವರಿಗೆ ನಕ್ಷತ್ರದ್ದನ್ನೂ ಹೇಳಿ. ಪಾಪ, ಅಷ್ಟು ದೂರದಿಂದ ಬಂದಿದ್ದಾರೆ."

ನಾನು ಲೀಲಾವತಿಯ ಮುಖ ನೋಡುವ ಮೊದಲು ಕೇಳಿದ್ದು ಆ ದನಿ. ಈ ಮನೆಗೆ ಅಳಿಯನಾಗದೆ ಬಿಡುವುದಿಲ್ಲವೆಂದು ಅಲ್ಲೇ ತೀರ್ಮಾನ ಮಾಡಿದೆ.

ನಕ್ಷತ್ರದ ಪಾಠ ಊಟದ ನಂತರವೂ ನಡೆಯಿತು. ಅದನ್ನು ನಿಮಗೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜರ್ಮನ್ ಜನರಲನ ಭುಜದ ಮೇಲೆ ಚಿನ್ನ ಬೆಳ್ಳಿಯ ಹುರಿಯನ್ನು ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದಿರುತ್ತಿದ್ದರು. ಆ ಜಡೆಯ ಮೇಲೆ ಒಂದೂ ನಕ್ಷತ್ರ ಇಲ್ಲದವನು ಮೇಜರ್ ಜನರಲ್. ಒಂದಿದ್ದರೆ ಲೆಫ್ಟಿನೆಂಟ್ ಜನರಲ್. ಎರಡಿದ್ದರೆ ಬರೀ ಜನರಲ್, ಆದರೆ ಬರೀ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಕಾಲಾಳಿನ ಜನರಲ್, ಕುದುರೆಯ ಜನರಲ್, ಫಿರಂಗಿಯ ಜನರಲ್ ಎಂದು ಅವರವರ ದಳದ ಹೆಸರು ಸೇರಿಸಿಯೇ ಕರೆಯಬೇಕು. ದರ್ಜೆ ಎಲ್ಲರದ್ದೂ ಒಂದೇ, ಗತ್ತು ಮಾತ್ರ ಬೇರೆ ಬೇರೆ. ಮೂರು ನಕ್ಷತ್ರದವನು ಕರ್ನಲ್ ಜನರಲ್. ಪ್ರಷ್ಯದಲ್ಲಿ ಯುದ್ಧವಿಲ್ಲದ ಕಾಲದಲ್ಲಿ ಫೀಲ್ಡ್ ಮಾರ್ಷಲ್ ಪದವಿ ಕೊಡುವ ಕ್ರಮವಿರಲಿಲ್ಲವಂತೆ. ಒಬ್ಬ ರಾಜಕುಮಾರನನ್ನು ಅಲ್ಲಿಯವರೆಗೆ ಏರಿಸಲಿಕ್ಕೂ ಆಗದೆ, ಕೆಳಗೆ ಬಿಡಲಿಕ್ಕೂ ಆಗದೆ, ನಡುವೆ ಈ ಒಂದು ಮೆಟ್ಟಿಲು ಕಟ್ಟಿದರು. ಎಲ್ಲರಿಗಿಂತ ಮೇಲಿನ ಫೀಲ್ಡ್ ಮಾರ್ಷಲನಿಗೆ ನಕ್ಷತ್ರದ ಹಂಗಿಲ್ಲ, ಅಡ್ಡಡ್ಡ ಇಟ್ಟ ಎರಡು ಬೆಳ್ಳಿಯ ಕೋಲು.

"ಮಾರ್ಷಲ್ ಅಂದ್ರೆ ಹುಟ್ಟಿನಲ್ಲಿ ಎಂತ ಗೊತ್ತುಂಟಾ?" ಎಂದು ಸುಬೇದಾರರು ಕೇಳಿದರು. "ಕುದುರೆ ಲಾಯ ನೋಡಿಕೊಳ್ಳುವ ಆಳು. ರಾಜ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ಇವ ಲಾಯ ಬಿಟ್ಟು ಹೋಗ್ಲಿಕ್ಕಿಲ್ಲ. ಹುಲ್ಲು ಹಾಕುದು, ಬಾಗಿಲು ಕಾಯುದು. ಅಲ್ಲಿಂದ ಬಂದವ ಕೊನೆಗೆ ಎಲ್ಲರ ತಲೆ ಮೇಲೆ ಕೂತ."

ಇದೆಲ್ಲ ಅವರಿಗೆ ಗೊತ್ತಾದದ್ದು ಸುಖದಲ್ಲಿ ಅಲ್ಲ. ರಸ್ತೆ ಸೇತುವೆ ಕಟ್ಟುವ ದಳದಲ್ಲಿ ಹವಾಲ್ದಾರರಾಗಿ ಆಫ್ರಿಕದ ಮರುಭೂಮಿಗೆ ಹೋದವರು ಅಲ್ಲಿ ಸೆರೆಸಿಕ್ಕರು. ಇಟಲಿಯಲ್ಲಿ ಸ್ವಲ್ಪ ಕಾಲ, ಆಮೇಲೆ ಯುದ್ಧ ಮುಗಿಯುವವರೆಗೂ ಜರ್ಮನಿಯಲ್ಲಿ ಕೈದಿ. ಕೈದಿಯಾದರೂ ಅಧಿಕಾರಿ ಎದುರಾದರೆ ಸೆಲ್ಯೂಟ್ ಹೊಡೆಯಬೇಕು, ತಪ್ಪಿದರೆ ಶಿಕ್ಷೆ. ಯಾರು ಅಧಿಕಾರಿ, ಯಾರು ಅಲ್ಲ ಎಂದು ತಿಳಿಯದೆ ಮೊದಲ ದಿನಗಳಲ್ಲಿ ನಮ್ಮವರು ಅಲ್ಲಿನ ರೈಲು ನಿಲ್ದಾಣದ ಕೆಂಪು ಟೊಪ್ಪಿಯ ಮಾಸ್ತರನಿಗೆ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರಂತೆ. ಮಾಸ್ತರ ಗಾಬರಿಯಾಗಿ ಹಸಿರು ಬಾವುಟ ಬೀಸಿದನಂತೆ. ನನ್ನ ಡೋಲಿನ ರಾಜನ ಕಥೆಯನ್ನು ನಾನು ಅವರಿಗೆ ಹೇಳಿದ್ದು ಆಗಲೇ. ಇಬ್ಬರೂ ಬಿದ್ದು ಬಿದ್ದು ನಕ್ಕೆವು, ಅಲ್ಲಿಂದ ಅವರಿಗೆ ನಾನು ಹಿಡಿಸಿದೆ.

"ಒಬ್ಬ ಜನರಲನನ್ನು ಹತ್ತಿರದಿಂದ ಕಂಡಿದ್ದೇನೆ," ಎಂದರು. "ಕ್ಯಾಂಪು ನೋಡ್ಲಿಕ್ಕೆ ಬಂದಿದ್ದ. ಮುದುಕ. ಎಂತ ಚಳಿ ಅಂತೀರಿ, ಅವನ ಮೂಗಿನಿಂದಲೂ ನೀರು, ನಮ್ಮ ಮೂಗಿನಿಂದಲೂ ನೀರು. ಫೀಲ್ಡ್ ಮಾರ್ಷಲನನ್ನು ಮಾತ್ರ ಕಾಣ್ಲಿಲ್ಲ. ಬಂದ್ರೂ ಬರಬಹುದು ಅಂತ ಅವನಿಗೇ ಅಂತ ಒಂದು ಒಳ್ಳೆ ಸೆಲ್ಯೂಟ್ ಅಭ್ಯಾಸ ಮಾಡಿ ಇಟ್ಟಿದ್ದೆ. ಅದು ಹಾಗೇ ಉಳೀತು."

ಬಸ್ಸಿನಲ್ಲಿ ವಾಪಸು ಬರುವಾಗ ಬಾಳಪ್ಪ ಮಾವ ಇನ್ನೊಂದು ಕಥೆ ಹೇಳಿದರು. ಸಂಬಂಧ ನೋಡುವ ಮೊದಲು ಆ ಮನೆಯ ಹಿಂದುಮುಂದನ್ನೆಲ್ಲ ವಿಚಾರಿಸಿ ಇಟ್ಟುಕೊಳ್ಳುವ ಮನುಷ್ಯ ಅವರು. ಕುಶಾಲಪ್ಪ ಗೌಡರು ಕಾಣೆಯಾಗಿದ್ದಾರೆ ಎಂದು ಸೈನ್ಯದಿಂದ ತಂತಿ ಬಂದಾಗ ಲೀಲಾವತಿ ಇನ್ನೂ ಅಂಬೆಗಾಲಿನ ಮಗುವಂತೆ. ಬಹಳ ಕಾಲ ಬೇರೆ ಸುದ್ದಿಯೇ ಇಲ್ಲ. ದಾಯಾದಿಗಳೆಲ್ಲ ಸೇರಿ, ಸತ್ತವನ ಬೊಜ್ಜ ಮಾಡದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದರು. ಬೊಜ್ಜವೆಂದರೆ ನಮ್ಮ ಕಡೆಯ ಉತ್ತರಕ್ರಿಯೆ. ಅವರ ಹೆಂಡತಿ ಪೊನ್ನಕ್ಕ ಮಾತ್ರ, ನನ್ನ ಗಂಡ ಸತ್ತಿಲ್ಲ ಎಂದು ಕುಂಕುಮ ಒರೆಸಲು ಒಪ್ಪಲಿಲ್ಲ.

ನಮ್ಮಲ್ಲಿ ಮದುವೆಯಾಗಲಿ ಬೊಜ್ಜವಾಗಲಿ ಊರುಗೌಡರ ಒಪ್ಪಿಗೆ ಇಲ್ಲದೆ ನಡೆಯುವಂತಿಲ್ಲ. ಮನೆಯವರು ಹರಿವಾಣದಲ್ಲಿ ಎಲೆಯಡಿಕೆ ಇಟ್ಟು ಅವರ ಮುಂದೆ ಹಿಡಿಯಬೇಕು. ಆ ವೀಳ್ಯವನ್ನು ಅವರು ಕೈಯಲ್ಲಿ ಮುಟ್ಟಿದರೆ ಒಪ್ಪಿಗೆ ಸಿಕ್ಕ ಹಾಗೆ. ದಾಯಾದಿಗಳು ಬೊಜ್ಜದ ವೀಳ್ಯ ಹಿಡಿದು ನಿಂತರು. ಊರುಗೌಡರು ಅದನ್ನು ಮುಟ್ಟಲಿಲ್ಲ. "ಹೆಣ ಬರ್ಲಿ, ಇಲ್ಲಾ ಆಳು ಬರ್ಲಿ. ಅಷ್ಟರವರೆಗೆ ಈ ಮನೆಯ ವೀಳ್ಯ ನಾನು ಮುಟ್ಟುದಿಲ್ಲ," ಎಂದು ಎದ್ದು ಹೋದರಂತೆ. ಯುದ್ಧ ಮುಗಿದ ಮೇಲೆ ಆಳೇ ಬಂದರು. ಆಮೇಲೆ ಆ ಮನೆಯಲ್ಲಿ ವೀಳ್ಯ ಹಿಡಿಯುವಂಥ ಕಾರ್ಯ ಬಂದದ್ದು ಲೀಲಾವತಿಯ ಮದುವೆಯೇ ಮೊದಲು. "ಆ ಊರುಗೌಡರಿಗೆ ಕೂದಲೆಳೆಯಷ್ಟು ಬೇಜಾರಾದ್ರೂ ಸುಬೇದಾರರು ತಡ್ಕೊಳ್ಳುದಿಲ್ಲ. ನೆನಪಿರ್ಲಿ," ಎಂದರು ಬಾಳಪ್ಪ ಮಾವ. ನಾನು ತಲೆಯಾಡಿಸಿದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಬಾಗಿಲಿನ ಹಿಂದಿನ ದನಿ.

ಮದುವೆಗೆ ಕೆಲವು ತಿಂಗಳಿತ್ತು. ಆ ತಿಂಗಳುಗಳನ್ನು ನಾನು ಪುತ್ತೂರಿನ ವಾಚನಾಲಯದಲ್ಲಿ ಕಳೆದೆ. ಮಾವನವರ ಎದುರು ಇನ್ನೊಮ್ಮೆ ಬೀಳಬಾರದೆಂಬ ಹಟ. ಸಿಕ್ಕಿದ್ದನ್ನೆಲ್ಲ ಓದಿದೆ. ಒಂದೇ ದಿನ ಹನ್ನೆರಡು ಜನರನ್ನು ಫೀಲ್ಡ್ ಮಾರ್ಷಲ್ ಮಾಡಿದ್ದನ್ನು ಓದಿದೆ. ಹಿಮದಲ್ಲಿ ವೈರಿಗಳ ನಡುವೆ ಸಿಕ್ಕಿಬಿದ್ದ ಒಬ್ಬನಿಗೆ, ಫೀಲ್ಡ್ ಮಾರ್ಷಲ್ ಆದವನು ಶರಣಾಗಲಾರ ಎಂದು ನಂಬಿ ಪದವಿಯನ್ನು ಅಲ್ಲಿಗೇ ತಲುಪಿಸಿದ್ದನ್ನೂ, ಅವನು ಪದವಿ ಸ್ವೀಕರಿಸಿ ಶರಣಾದದ್ದನ್ನೂ ಓದಿದೆ. ಜರ್ಮನಿ ಎರಡಾದ ಮೇಲೆ ಪಶ್ಚಿಮದವರು ಹೊಸ ಸೈನ್ಯ ಕಟ್ಟುವಾಗ ಫೀಲ್ಡ್ ಮಾರ್ಷಲನನ್ನೂ ಕರ್ನಲ್ ಜನರಲನನ್ನೂ ತೆಗೆದುಹಾಕಿ, ಕೆಳಗೆ ಬ್ರಿಗೇಡ್ ಜನರಲ್ ಎಂಬ ಹೊಸಬನನ್ನು ಸೇರಿಸಿದ್ದು ತಿಳಿದು ಬಂತು. ಈ ಸುದ್ದಿಯನ್ನು ನಿಶ್ಚಿತಾರ್ಥದ ದಿನ ಮಾವನವರಿಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಮೇಲಿನ ಮೆಟ್ಟಿಲು ಕಿತ್ತು ಕೆಳಗೆ ಹಾಕಿದ್ರಾ? ನಾನು ಪೆಟ್ಟು ತಿಂದು ಬಾಯಿಪಾಠ ಮಾಡಿದ್ದೆಲ್ಲ ಹಾಳಾಯ್ತಲ್ಲ ಮಾರಾಯ್ರೆ," ಎಂದರು. ನನಗೋ ಒಂದು ಪಂದ್ಯ ಗೆದ್ದ ಸಂತೋಷ.

ಮದುವೆ ಅರಂತೋಡಿನಲ್ಲಿ, ಹೆಣ್ಣಿನ ಮನೆಯ ಅಂಗಳದಲ್ಲೇ. ಬಿರುಬೇಸಗೆ. ಚಪ್ಪರಕ್ಕೆ ತೆಂಗಿನ ಹಸಿ ಮಡಲು ಹೊದೆಸಿದ್ದರು. ಧಾರೆಯ ಮುಹೂರ್ತ ಮಧ್ಯಾಹ್ನಕ್ಕೆ ಮೊದಲು. ನಾನು ಬಾಸಿಂಗ ಕಟ್ಟಿಕೊಂಡು ಚಪ್ಪರದ ಒಂದು ಬದಿಯಲ್ಲಿ ಕೂತಿದ್ದೆ. ಎದುರು ಚಾಪೆಯಲ್ಲಿ ಊರುಗೌಡರು. ಹಣ್ಣಾದ ಮುದುಕರು, ತೆಳ್ಳಗೆ ಉದ್ದಕ್ಕೆ, ಮಾತು ಕಡಿಮೆ. ಎಲ್ಲ ಸರಿಯಾಗಿಯೇ ಇತ್ತು, ಇನ್ನೊಬ್ಬರು ಬರುವವರೆಗೆ.

ನಮ್ಮ ವ್ಯವಸ್ಥೆಯಲ್ಲಿ ಕೆಲವು ಊರುಗಳು ಸೇರಿದರೆ ಒಂದು ಮಾಗಣೆ. ಅದಕ್ಕೆ ಮಾಗಣೆ ಗೌಡರು ಯಜಮಾನರು; ಅವರು ಮದುವೆಗೆ ಬಂದರೆ ಮೊದಲ ವೀಳ್ಯ ಅವರಿಗೆ, ಆಮೇಲೆ ಊರುಗೌಡರಿಗೆ. ಅದರಲ್ಲಿ ಯಾರದ್ದೂ ತಕರಾರಿಲ್ಲ. ಆವತ್ತು ಮಾಗಣೆ ಗೌಡರಿಗೆ ಜ್ವರ. ಅವರು ತಮ್ಮ ಪರವಾಗಿ ತಮ್ಮ ಒತ್ತುಗೌಡರನ್ನು ಕಳಿಸಿದ್ದರು. ನಲವತ್ತರ ಆಸುಪಾಸಿನ, ಹೊಸ ಪೇಟ ಸುತ್ತಿದ, ದೊಡ್ಡ ದನಿಯ ಮನುಷ್ಯ. ಬಂದವರೇ ಊರುಗೌಡರ ಬಲಬದಿಯಲ್ಲಿ, ಅಂದರೆ ಮೇಲಿನ ಜಾಗದಲ್ಲಿ ಕೂತರು.

ಮಾವನವರು ಹರಿವಾಣ ಹಿಡಿದು ಬಂದರು. ಇಬ್ಬರ ಎದುರು ನಿಂತರು. ನಿಂತೇ ಇದ್ದರು.

"ಇಲ್ಲಿಗೆ ಕೊಡಿ," ಎಂದರು ಒತ್ತುಗೌಡರು. "ನಾನು ಮಾಗಣೆಯ ಜಾಗದಲ್ಲಿ ಕೂತವ. ನನಗೆ ತಪ್ಪಿದ್ರೆ ಮಾಗಣೆಗೆ ತಪ್ಪಿದ ಹಾಗೆ."

ಊರುಗೌಡರು ಮೆಲ್ಲಗೆ ಹೇಳಿದರು: "ಮಾಗಣೆ ಗೌಡರು ಬಂದಿದ್ರೆ ಅವರಿಗೇ ಮೊದಲು. ಬಂದದ್ದು ಒತ್ತು. ನನ್ನ ಊರಿನಲ್ಲಿ ಒತ್ತಿನವರ ನಂತರ ನಾನು ವೀಳ್ಯ ಮುಟ್ಟಿದ್ದಿಲ್ಲ."

ಇಬ್ಬರದ್ದೂ ನ್ಯಾಯವೇ. ಮಾವನವರ ಮುಖ ನೋಡಿದೆ. ಮಾಗಣೆಯನ್ನು ಬಿಟ್ಟರೆ ನಾಳೆ ಅವರ ಮನೆಯ ಯಾವ ಕಾರ್ಯಕ್ಕೂ ಆ ಕಡೆಯವರು ಕಾಲಿಡುವುದಿಲ್ಲ. ಊರುಗೌಡರನ್ನು ಎರಡನೆಯವರಾಗಿ ಮಾಡಿದರೆ, ಮಾವನವರು ಬದುಕಿರುವಾಗಲೇ ಅವರ ಬೊಜ್ಜವಾಗುವುದನ್ನು ತಡೆದ ಮನುಷ್ಯನಿಗೆ, ಅವರು ಈ ಮನೆಯ ವೀಳ್ಯ ಮುಟ್ಟುವ ಮೊದಲ ದಿನವೇ ಅವಮಾನ. ಜೋಯಿಸರು ಒಂದು ಸಲ ಕೆಮ್ಮಿದರು, ಮುಹೂರ್ತ ಹತ್ತಿರವಾಯಿತೆಂದು.

ಇಂಥ ಹೊತ್ತಿನಲ್ಲಿ ಮದುಮಗ ಬಾಯಿಮುಚ್ಚಿ ಕೂರುವುದು ಎಲ್ಲ ಊರಿನ ಪದ್ಧತಿ. ಆದರೆ ಕೆಲವು ತಿಂಗಳ ಓದು ನನ್ನನ್ನು ಕೂರಲು ಬಿಡಲಿಲ್ಲ. ನಾನು ಬಾಸಿಂಗ ಸರಿಮಾಡಿಕೊಂಡು ಎದ್ದು ನಿಂತು, ತರಗತಿಗೆ ಹೇಳುವ ಹಾಗೆ ಹೇಳಿದೆ: "ಇದಕ್ಕೆ ಚರಿತ್ರೆಯಲ್ಲಿ ಉತ್ತರ ಉಂಟು. ಜರ್ಮನಿಯಲ್ಲಿ ಆಗಲಿ, ಬೇರೆ ಯಾವ ಸೈನ್ಯದಲ್ಲಿ ಆಗಲಿ, ಲೆಫ್ಟಿನೆಂಟ್ ಜನರಲ್ ಮೇಜರ್ ಜನರಲನಿಗಿಂತ ದೊಡ್ಡವನು. ಯಾಕೆಂದರೆ ಅವನು ಮೇಲಿನವನ ಪರವಾಗಿ ನಿಂತ ಒತ್ತಿನವನು."

ಒತ್ತುಗೌಡರು ಪೇಟ ನೇವರಿಸಿಕೊಂಡು, "ಕೇಳಿದ್ರಲ್ಲ, ಮಾಷ್ಟ್ರೇ ಹೇಳಿದ್ರು," ಎಂದರು.

ಊರುಗೌಡರು ಚಾಪೆಯ ಮೇಲೆ ಕೈ ಊರಿ ಏಳತೊಡಗಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಅದೇ ಕಷ್ಟ. "ಜರ್ಮನಿಯಲ್ಲಿ ಹಾಗಿದ್ರೆ ಸರಿ. ನಾನು ಅಲ್ಲಿಯವ ಅಲ್ಲವಲ್ಲ," ಎಂದು ಹೆಗಲ ವಸ್ತ್ರ ಎತ್ತಿಕೊಂಡರು. ಬಾಳಪ್ಪ ಮಾವ ನನ್ನ ಪಂಚೆ ಹಿಡಿದು ಎಳೆದು ಕೂರಿಸಿ, "ಇನ್ನೊಂದು ಮಾತಾಡಿದ್ರೆ ನಿನ್ನನ್ನು ನಾನೇ ಬಸ್ಸು ಹತ್ತಿಸ್ತೇನೆ," ಎಂದು ಕಿವಿಯಲ್ಲಿ ಹೇಳಿದರು. ನಾನು ಹೇಳಿದ್ದು ಚರಿತ್ರೆಯ ಪ್ರಕಾರ ಪೂರ್ತಿ ಸರಿ ಎಂದು ಅವರಿಗೆ ಕೊನೆಯವರೆಗೂ ಒಪ್ಪಿಸಲು ಆಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಪೊನ್ನಕ್ಕ ಬಂದರು. ಅವರ ಕೈಯಲ್ಲಿ ಇನ್ನೊಂದು ಹರಿವಾಣ ಇತ್ತು.

ಒಳಗೆ ಏನಾಯಿತೆಂದು ಲೀಲಾ ನನಗೆ ಆಮೇಲೆ ಹೇಳಿದಳು. ನನ್ನ ಭಾಷಣ ಕೇಳಿ ಅವಳು ತಲೆ ಚಚ್ಚಿಕೊಂಡಳಂತೆ. ಸಣ್ಣಂದಿನಲ್ಲಿ ಅಪ್ಪನ ಜೊತೆ ನಕ್ಷತ್ರದ ಬದಲು ಹುಣಸೆ ಬೀಜ ಇಟ್ಟು ಜನರಲರ ಆಟ ಆಡುತ್ತಿದ್ದವಳು ಅವಳು. ಎರಡು ಬೀಜದವರಲ್ಲಿ ಕಾಲಾಳಿನ ಜನರಲ್ ದೊಡ್ಡವನೋ ಕುದುರೆಯ ಜನರಲ್ ದೊಡ್ಡವನೋ ಎಂದು ಅವಳು ಕೇಳಿದರೆ ಅಪ್ಪ ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ: "ಅವರಿಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸ್ಲಿಕ್ಕೇ ಇಲ್ಲ. ಒಬ್ಬೊಬ್ಬನಿಗೆ ಒಂದೊಂದು ದಳ." ಅದನ್ನೇ ಅವಳು ತಾಯಿಗೆ ನೆನಪಿಸಿದಳು. ಇದು ಒಂದು ವೀಳ್ಯವಲ್ಲ ಅವ್ವ, ಎರಡು, ಒಂದು ಮಾಗಣೆಯದ್ದು, ಒಂದು ಊರಿನದ್ದು, ಎರಡೂ ಒಟ್ಟಿಗೇ ಹೋಗಲಿ ಎಂದಳು. ಇನ್ನೊಂದನ್ನು ಹಿಡಿಯುವವರು ಯಾರು ಎಂದು ಹೆಂಗಸರೆಲ್ಲ ಮುಖ ಮುಖ ನೋಡುವಾಗ ಪೊನ್ನಕ್ಕ ತಾವೇ ಎಲೆಯಡಿಕೆ ಜೋಡಿಸಿಕೊಂಡು ಹೊರಟರಂತೆ.

ಗಂಡಸರ ಚಪ್ಪರದ ನಡುವೆ ಹೆಂಗಸು ವೀಳ್ಯ ಹಿಡಿದು ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಪೊನ್ನಕ್ಕ ಗಂಡನ ಪಕ್ಕದಲ್ಲಿ ನಿಂತರು. ಕುಳ್ಳಗಿನ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ.

"ಅವರ ಕೈಯದ್ದು ಮಾಗಣೆಯ ವೀಳ್ಯ," ಎಂದರು, ಯಾರ ಮುಖವನ್ನೂ ನೋಡದೆ. "ಇದು ಊರಿನದ್ದು. ಅದಕ್ಕೂ ಇದಕ್ಕೂ ಮೊದಲು ಎರಡು ಅಂತ ಇಲ್ಲ."

"ಹೆಂಗಸರ ಕೈಯಿಂದ ಹೇಗೆ..." ಎಂದು ಒತ್ತುಗೌಡರು ಬಾಯಿ ತೆಗೆದರು.

ಪೊನ್ನಕ್ಕ ಎದ್ದು ನಿಂತಿದ್ದ ಊರುಗೌಡರ ಕಡೆಗೆ ತಿರುಗಿ ಹರಿವಾಣವನ್ನು ಚಾಚಿದರು. "ಅಂದು ನೀವು ಮುಟ್ಟದೆ ಹೋದ ವೀಳ್ಯ ಇದು ಅಣ್ಣ. ನಾನೇ ತರ್ಬೇಕು."

ಊರುಗೌಡರು ಅವರ ಹಣೆಯ ಕುಂಕುಮವನ್ನು ನೋಡಿದರು. ಆಮೇಲೆ ಹೆಗಲ ವಸ್ತ್ರವನ್ನು ಕೆಳಗಿಟ್ಟು ಕೂತರು. "ತಾ ತಂಗಿ," ಎಂದರು. ಎರಡೂ ಹರಿವಾಣಗಳು ಒಟ್ಟಿಗೇ ಮುಂದೆ ಹೋದವು, ಇಬ್ಬರ ಕೈಗಳೂ ಒಟ್ಟಿಗೇ ಮುಟ್ಟಿದವು. ಮನೆಯ ಯಜಮಾನನ ಕೈಯಿಂದ ಪಡೆದ ತಾನೇ ಮೇಲಿನವನೆಂದು ಒತ್ತುಗೌಡರಿಗೆ ಖಾತ್ರಿಯಾಯಿತು. ಊರುಗೌಡರ ಕಣ್ಣು ತುಂಬಿತ್ತು. ಅವರು ಆ ಎಲೆಯನ್ನು ಮೆಲ್ಲಲಿಲ್ಲ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಗಲೇ ಮಾವನವರು ಖಾಲಿ ಹರಿವಾಣವನ್ನು ಎಡಗೈಗೆ ಬದಲಾಯಿಸಿಕೊಂಡದ್ದು. ಬರಿಗಾಲಿನ ಹಿಮ್ಮಡಿ ಜೋಡಿಸಿ, ಎದೆ ಎತ್ತಿ, ಬಲಗೈಯನ್ನು ನಿಧಾನವಾಗಿ ಅರ್ಧಚಂದ್ರಾಕಾರಕ್ಕೆ ಎತ್ತಿ ಹಣೆಗೆ ತಂದು ನಿಲ್ಲಿಸಿದರು. ಅಂಥ ಸೆಲ್ಯೂಟನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಗೌಡರಿಬ್ಬರೂ ತಮಗೇ ಎಂದುಕೊಂಡು ಗಂಭೀರವಾಗಿ ತಲೆಬಾಗಿದರು. ಜೋಯಿಸರು ಮಂತ್ರ ಶುರು ಮಾಡಿದರು, ವಾಲಗ ಮೊಳಗಿತು, ಲೀಲಾಳನ್ನು ಕರೆತಂದರು. ಧಾರೆ ಹೊತ್ತಿಗೆ ಸರಿಯಾಗಿ ಆಯಿತು.

ಊಟವಾದ ಮೇಲೆ ಮಾವನವರು ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಳಿಯನಾದ ಧೈರ್ಯದಲ್ಲಿ ಕೇಳಿದೆ: "ಮಾವ, ಒಂದು ಸಂಶಯ. ಆ ಸೆಲ್ಯೂಟ್ ಹೊಡೆದದ್ದು ಒತ್ತುಗೌಡರಿಗಾ, ಊರುಗೌಡರಿಗಾ?"

"ಇಬ್ಬರಿಗೂ ಅಲ್ಲ," ಎಂದರು. ಅಂಗಳದ ಆ ತುದಿಯಲ್ಲಿ ಪೊನ್ನಕ್ಕ ಸೆರಗು ಸಿಕ್ಕಿಸಿಕೊಂಡು, ಕಡೆಯ ಪಂಕ್ತಿಗೆ ಎಲೆ ಸಾಲಲಿಲ್ಲವೆಂದು ಯಾರನ್ನೋ ಗದರಿಸುತ್ತಿದ್ದರು. ಮಾವನವರು ಆ ಕಡೆಗೇ ನೋಡುತ್ತಾ ಮೆಲ್ಲಗೆ ಹೇಳಿದರು: "ಫೀಲ್ಡ್ ಮಾರ್ಷಲನಿಗೆ ಅಂತ ಇಟ್ಟದ್ದು ಒಂದು ಉಳಿದಿತ್ತಲ್ಲ ಮಾಷ್ಟ್ರೇ. ಅದು."